ಮೀನಿಗೆ, ಬೇಟೆಗೆ ಅಂತ ಅಮೆರಿಕದ ದಕ್ಷಿಣ ಕರಾವಳಿಗೆ ಮನೆ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳೆಬದಿಯಲ್ಲಿ ಗಾಳ ಹಿಡಿದು ಬೆಳೆದವರು ಅಮೆರಿಕಕ್ಕೆ ಬಂದು ಚಿಕಾಗೊ, ಡೆಟ್ರಾಯ್ಟ್ ಕಡೆ ಹತ್ತು ಚಳಿಗಾಲ ಹಿಮ ಕೆರೆದ ಮೇಲೆ ಒಂದು ಯೋಚನೆ ತಲೆಗೆ ಹೊಕ್ಕುತ್ತದೆ. ಕೆಲಸ ಹೇಗೂ ಮನೆಯಿಂದಲೇ ನಡೆಯುತ್ತದೆ, ಇನ್ನು ಸಮುದ್ರದ ಹತ್ತಿರ ಹೋಗಿ ಇದ್ದರಾಗದೇ? ನಾನು ಕುಂದಾಪುರದ ಕಡೆಯವನು. ಈ ಯೋಚನೆ ಬಂದು, ಗಲ್ಫ್ ಕರಾವಳಿಗೆ ಮನೆ ಬದಲಿಸಿ, ಒಂದೆರಡು ತಪ್ಪು ಮಾಡಿ ಕಲಿತವನು. ಪರಿಚಯದವರು ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೆ ಒಮ್ಮೆಗೇ ಬರೆದಿಟ್ಟಿದ್ದೇನೆ.

ದಕ್ಷಿಣ ಕರಾವಳಿ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಇಲ್ಲಿ ನಾನು ಹೇಳುವುದು ಮುಖ್ಯವಾಗಿ ಮೆಕ್ಸಿಕೊ ಕೊಲ್ಲಿಯ ಉತ್ತರ ದಡ: ಟೆಕ್ಸಾಸ್, ಲೂಯಿಸಿಯಾನಾ, ಮಿಸಿಸಿಪಿ, ಅಲಬಾಮಾ, ಫ್ಲೋರಿಡಾದ ಪಶ್ಚಿಮ ಭಾಗ. ಐ-10 ಹೆದ್ದಾರಿ ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ. ಅಟ್ಲಾಂಟಿಕ್ ಕಡೆಯ ಜಾರ್ಜಿಯಾ, ಕೆರೊಲಿನಾಗಳ ಬಗ್ಗೆ ಕೊನೆಗೆ ನಾಲ್ಕು ಮಾತು ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಮೀನು ಎಲ್ಲಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಊರು ಆರಿಸಲು ಇದರಷ್ಟು ನಿರುಪಯೋಗಿ ಪ್ರಶ್ನೆ ಇನ್ನೊಂದಿಲ್ಲ. ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಿಂದ ಫ್ಲೋರಿಡಾದ ಅಪಲಾಚಿಕೋಲದವರೆಗೆ ಯಾವ ಅಳಿವೆಯಲ್ಲಿ ಗಾಳ ಇಳಿಸಿದರೂ ರೆಡ್‌ಫಿಶ್, ಸ್ಪೆಕಲ್ಡ್ ಟ್ರೌಟ್, ಫ್ಲೌಂಡರ್ ಸಿಗುತ್ತವೆ. ಫ್ಲೌಂಡರ್ ಅಂದರೆ ನಮ್ಮ ನಂಗಿನ ದೊಡ್ಡಣ್ಣ ಅಂದುಕೊಳ್ಳಿ. ಆಳಕ್ಕೆ ಹೋದರೆ ಕೆಂಬೇರಿಯ ಜಾತಿಯ ರೆಡ್ ಸ್ನ್ಯಾಪರ್ ಇದೆ, ನಮ್ಮ ಅಂಜಲಿನ ದಾಯಾದಿ ಕಿಂಗ್ ಮ್ಯಾಕೆರೆಲ್ ಇದೆ.

ಕೇಳಬೇಕಾದ್ದು ಬೇರೆ ಮೂರು. ಮೀನಿರುವ ನೀರಿಗೆ, ಜಿಂಕೆಯಿರುವ ಕಾಡಿಗೆ ಕಾಲಿಡಲು ನನಗೆ ಹಕ್ಕಿದೆಯೇ? ಅಲ್ಲಿ ಮನೆಗೆ ವಿಮೆ ಸಿಗುತ್ತದೆಯೇ? ಮನೆಯವರು ಅಲ್ಲಿ ಬಾಳಬಲ್ಲರೇ? ಮುಂದಿನದೆಲ್ಲ ಈ ಮೂರರ ಲೆಕ್ಕ.

ಹಾಗಾದರೂ ಲೂಯಿಸಿಯಾನಾವನ್ನು ಎಲ್ಲರೂ ಹೊಗಳುತ್ತಾರಲ್ಲ?

ಹೊಗಳುವುದರಲ್ಲಿ ತಪ್ಪಿಲ್ಲ. ಆ ರಾಜ್ಯದ ಗಾಡಿಗಳ ನಂಬರ್ ಪ್ಲೇಟಿನ ಮೇಲೆಯೇ 'ಬೇಟೆಗಾರರ ಸ್ವರ್ಗ' ಎಂಬರ್ಥದ ಮಾತಿದೆ. ಅಘನಾಶಿನಿಯ ಗಜನಿ ಭೂಮಿ ನೋಡಿದವರಿಗೆ ಅಲ್ಲಿನ ಜೌಗು ಹೇಗಿರುತ್ತದೆ ಎಂದು ಬೇಗ ಗೊತ್ತಾಗುತ್ತದೆ. ಉಪ್ಪು ಮತ್ತು ಸಿಹಿನೀರು ಬೆರೆತ ಹುಲ್ಲುಗಾವಲು, ನಡುವೆ ಸಾವಿರ ಕಾಲುವೆ, ಕಣ್ಣು ಹಾಯುವವರೆಗೆ ಒಂದು ಮರವಿಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ಬಾತುಕೋಳಿಗಳಿಗೆ ಅದೇ ಕೊನೆಯ ತಂಗುದಾಣ. ಬೆಳಗ್ಗೆ ಬಾತು ಹೊಡೆದು ಮಧ್ಯಾಹ್ನ ಅದೇ ದೋಣಿಯಲ್ಲಿ ರೆಡ್‌ಫಿಶ್ ಹಿಡಿಯುವುದನ್ನು ಅಲ್ಲಿಯವರು ವಿಶೇಷವೆಂದು ತಿಳಿಯುವುದೇ ಇಲ್ಲ.

ಆದರೆ ಆ ನೆಲ ಕರಗುತ್ತಿದೆ. 1930ರ ದಶಕದಿಂದ ಈಚೆಗೆ ಸುಮಾರು 2,000 ಚದರ ಮೈಲಿ ಜೌಗು ಸಮುದ್ರದ ಪಾಲಾಗಿದೆ. ಮಿಸಿಸಿಪಿ ನದಿಗೆ ದಂಡೆ ಕಟ್ಟಿದ್ದರಿಂದ ಹೂಳು ಹರಡುವುದು ನಿಂತಿತು. ಎಣ್ಣೆ ಕಂಪನಿಗಳಿಗೆಂದು ತೋಡಿದ ಕಾಲುವೆಗಳಲ್ಲಿ ಉಪ್ಪುನೀರು ಒಳನುಗ್ಗಿತು. ಇದರಿಂದ ಒಂದು ವಿಚಿತ್ರ ತಕರಾರೂ ಹುಟ್ಟಿದೆ. ನೆಲ ಕರಗಿ ನೀರಾದರೂ ತಳ ತನ್ನದೇ ಎಂದು ಅಲ್ಲಿನ ಜಮೀನುದಾರ ವಾದಿಸಬಹುದು. ಕೊಲ್ಲಿಯ ಬೇರೆ ರಾಜ್ಯಗಳಲ್ಲಿ ಉಬ್ಬರದ ನೀರಿನಲ್ಲಿ ದೋಣಿ ನಡೆಸುವವನಿಗೆ ಇಷ್ಟು ತಲೆನೋವಿಲ್ಲ. ಲೂಯಿಸಿಯಾನಾದಲ್ಲಿ ಮಾತ್ರ ತೆರೆದ ನೀರೆಂದು ನುಗ್ಗಿದರೆ ಅತಿಕ್ರಮ ಪ್ರವೇಶದ ಕೇಸು ಬೀಳಬಹುದು. ಊರಲ್ಲಿ ಪರರ ತೋಟಕ್ಕೆ ಬೇಲಿ ಇರುತ್ತದೆ, ಇಲ್ಲಿ ನೀರಿಗೇ ಬೇಲಿ.

ಇನ್ನು ಬಿರುಗಾಳಿ. 2020ರ ಆಗಸ್ಟ್ 27ರಂದು ಲಾರಾ ಎಂಬ ಚಂಡಮಾರುತ ಕ್ಯಾಮರನ್ ಎಂಬ ಊರಿನ ಬಳಿ ನೆಲ ಮುಟ್ಟಿ ಲೇಕ್ ಚಾರ್ಲ್ಸ್ ಊರನ್ನು ಚಿಂದಿ ಮಾಡಿತು. ಛಾವಣಿಗೆ ನೀಲಿ ಟಾರ್ಪಾಲು ಹೊದಿಸಿಕೊಂಡು ಕೂತಿದ್ದವರ ಮೇಲೆ ಆರೇ ವಾರದಲ್ಲಿ ಡೆಲ್ಟಾ ಬಂತು. ಮರುವರ್ಷ ಆಗಸ್ಟ್ 29ಕ್ಕೆ ಪೂರ್ವ ಭಾಗಕ್ಕೆ ಐಡಾ. ಹಲವು ವಿಮಾ ಕಂಪನಿಗಳು ದಿವಾಳಿಯಾದವು. ನನ್ನ ಮಾತು ಕೇಳುವುದಾದರೆ, ಲೂಯಿಸಿಯಾನಾ ನೆಂಟರ ಮನೆ ಇದ್ದ ಹಾಗೆ. ವರ್ಷಕ್ಕೆ ನಾಲ್ಕು ಸಲ ಹೋಗಿ, ಹೊಟ್ಟೆ ತುಂಬ ಉಂಡು ಬನ್ನಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಮುಟ್ಟಬಹುದೇ?

ಇದನ್ನು ನಿಧಾನವಾಗಿ ಓದಿ. ವಲಸೆಯೇತರ ವೀಸಾದಲ್ಲಿರುವವರು, ಅಂದರೆ ಕೆಲಸದ ಎಚ್-1ಬಿ, ಅವರ ಸಂಸಾರದ ಎಚ್-4, ವಿದ್ಯಾರ್ಥಿಗಳ ಎಫ್-1 ಎಲ್ಲರೂ, ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದು ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಅಪರಾಧ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅವುಗಳಲ್ಲಿ ಒಂದು. ಲೈಸೆನ್ಸಿನ ಅವಧಿ ಮುಗಿದ ಮರುದಿನ ಕಪಾಟಿನಲ್ಲಿರುವ ಅದೇ ಬಂದೂಕು ನಿಮ್ಮನ್ನು ಅಪರಾಧಿ ಮಾಡಬಹುದು. ಗೆಳೆಯನ ಬಂದೂಕನ್ನು ಐದು ನಿಮಿಷ ಹಿಡಿದು ಫೋಟೊ ತೆಗೆಸಿಕೊಳ್ಳುವ ಚಪಲವೂ ಬೇಡ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಬಿಲ್ಲು-ಬಾಣಕ್ಕೆ ಈ ಕಾನೂನು ತಾಗುವುದಿಲ್ಲ. ಎಲ್ಲ ರಾಜ್ಯಗಳಲ್ಲೂ ಬಿಲ್ಲಿನ ಬೇಟೆಗೆ ಬೇರೆ ಋತುವೇ ಇದೆ. ವೀಸಾದಲ್ಲಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಮುಂದೆ ಪೌರತ್ವದ ಅರ್ಜಿ ಹಾಕುವಾಗ ಯಾವತ್ತಾದರೂ ಪೊಲೀಸರು ನಿಮಗೆ ದಂಡದ ಚೀಟಿ ಹರಿದಿದ್ದಾರೆಯೇ ಎಂದು ಕೇಳುತ್ತಾರೆ. ಅಳತೆಗೆ ಒಂದಿಂಚು ಕಡಿಮೆಯಿದ್ದ ಮೀನಿನ ಕತೆಯನ್ನು ಆಗ ಅಧಿಕಾರಿಯೆದುರು ವಿವರಿಸುತ್ತ ಕೂರಬೇಕಾದೀತು. ಅನುಮಾನವಿದ್ದರೆ ವಲಸೆ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಟೆಕ್ಸಾಸ್ ಹೇಗೆ? ಹೂಸ್ಟನ್ನಿನಲ್ಲಿ ನಮ್ಮವರೂ ಇದ್ದಾರೆ.

ಕೆಲಸ, ಶಾಲೆ, ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ, ಕೊತ್ತಂಬರಿ-ಕರಿಬೇವು, ಯುಗಾದಿಗೆ ಹೋಳಿಗೆ, ಎಲ್ಲ ಬೇಕೆಂದರೆ ಹೂಸ್ಟನ್ನಿಗೆ ಸಮ ಯಾವುದೂ ಇಲ್ಲ. ಗ್ಯಾಲ್ವೆಸ್ಟನ್ ಕಡಲು 50 ಮೈಲಿ. ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ಮನೆ ತೆರಿಗೆ ಬಿಲ್ಲು ನೋಡಿದಾಗ ಅದನ್ನು ಇಲ್ಲಿ ವಸೂಲಿ ಮಾಡಿದರು ಅನ್ನಿಸುತ್ತದೆ.

ಮೀನಿನವರಿಗೆ ಟೆಕ್ಸಾಸ್ ಉದಾರಿ. 1959ರ ಕಾಯ್ದೆಯಿಂದ ಕಡಲತೀರ ಸಾರ್ವಜನಿಕರದ್ದು. ಕಾರ್ಪಸ್ ಕ್ರಿಸ್ಟಿಯ ದಕ್ಷಿಣಕ್ಕೆ ಪಾಡ್ರೆ ದ್ವೀಪದ ರಾಷ್ಟ್ರೀಯ ಕಡಲತೀರ ಸುಮಾರು 70 ಮೈಲಿ ಉದ್ದ, ಹೋಟೆಲಿಲ್ಲ, ಅಂಗಡಿಯಿಲ್ಲ. ಮರಳಿನ ಮೇಲೆಯೇ ಫೋರ್-ವೀಲ್ ಗಾಡಿ ಓಡಿಸಿಕೊಂಡು ಹೋಗಿ ದಡದಿಂದ ಗಾಳ ಎಸೆಯಬಹುದು. ಅದರ ಒಳಬದಿಯ ಲಗುನಾ ಮಾದ್ರೆ ಮೊಣಕಾಲುದ್ದದ ತಿಳಿನೀರು, ನಡೆದುಕೊಂಡೇ ಮೀನು ಹಿಡಿಯುವ ಜಾಗ.

ಬೇಟೆಯವರಿಗೆ ಅದೇ ಟೆಕ್ಸಾಸ್ ಜಿಪುಣ. ರಾಜ್ಯದ ನೂರಕ್ಕೆ 95 ಭಾಗ ನೆಲ ಖಾಸಗಿ. ಜಿಂಕೆ ಬೇಟೆಯಾಡಲು ಯಾರದ್ದಾದರೂ ರ‍್ಯಾಂಚಿನಲ್ಲಿ ವರ್ಷದ ಗುತ್ತಿಗೆ ಹಿಡಿಯಬೇಕು, ಅದಕ್ಕೆ ಸಾವಿರಾರು ಡಾಲರ್. 48 ಡಾಲರಿನ ಸಾರ್ವಜನಿಕ ಬೇಟೆ ಪರವಾನಗಿಯೂ ಇದೆ. ಆದರೆ ಆ ಜಾಗಗಳು ಕರಾವಳಿಯಲ್ಲಿ ಕಡಿಮೆ, ಜನ ಹೆಚ್ಚು. ಕಾಡುಹಂದಿಗೆ ಮಾತ್ರ ಬರವಿಲ್ಲ. 2019ರ ಸೆಪ್ಟೆಂಬರ್‌ನಿಂದ ಖಾಸಗಿ ನೆಲದಲ್ಲಿ ಒಡೆಯನ ಒಪ್ಪಿಗೆ ಇದ್ದರೆ ಹಂದಿಗೆ ಲೈಸೆನ್ಸೂ ಬೇಡ. (ವೀಸಾದವರು ಇಲ್ಲಿ ಮತ್ತೆ ಮೇಲಿನ ಉತ್ತರ ಓದಿ. ಹಂದಿಗೆ ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ನಿಮ್ಮ ಬಂದೂಕಿಗೆ ಬೇಡ ಅಂತಲ್ಲ.) ನಮ್ಮ ಬಳಗದ ಕೊಡಗಿನ ಸ್ನೇಹಿತರೊಬ್ಬರು ಊರಿಂದ ತಂದ ಕಾಚಂಪುಳಿ ಹಾಕಿ ಅಲ್ಲಿನ ಹಂದಿಯಲ್ಲಿ ಪಂದಿ ಕರಿ ಮಾಡಿದ್ದರು. ಕೊಬ್ಬು ಸಾಲದು ಅಂತ ಅವರು, ಇಷ್ಟು ಸಾಕು ಅಂತ ನಾವು. ಹಂದಿ ಕೊಯ್ದು ಹಸನು ಮಾಡುವಾಗ ಕೈಗವಸು ಹಾಕಿಕೊಳ್ಳಿ, ಬ್ರುಸೆಲ್ಲಾ ರೋಗ ರಕ್ತದಿಂದ ಅಂಟುತ್ತದೆ.

ಅಲ್ಲಿ ನೀಲಗಾಯಿ ಬೇಟೆ ಇದೆಯಂತೆ, ನಿಜವೇ?

ನಿಜ. ಭಾರತದ ಬಯಲುಗಳ ನೀಲಗಾಯಿಯನ್ನು 1920ರ ದಶಕದಿಂದ ದಕ್ಷಿಣ ಟೆಕ್ಸಾಸಿನ ಕಿಂಗ್ ರ‍್ಯಾಂಚಿನಲ್ಲಿ ಬಿಟ್ಟರು. ಆ ರ‍್ಯಾಂಚ್ ಒಂದೇ 8,25,000 ಎಕರೆ. ಅಲ್ಲಿನ ಕುರುಚಲು ಕಾಡು, ಬಿಸಿಲು ಎರಡೂ ಅದಕ್ಕೆ ಒಗ್ಗಿದವು. ಈಗ ಬೇಲಿ ದಾಟಿ ಕರಾವಳಿಯುದ್ದಕ್ಕೂ ಹರಡಿದೆ. ದನಗಳಿಗೆ ರೋಗ ತರುವ ಉಣ್ಣೆ ಹುಳುವನ್ನು ಹೊತ್ತು ತಿರುಗುತ್ತದೆಂದು ಸರ್ಕಾರಕ್ಕೂ ಅದರ ಮೇಲೆ ಕೋಪ. ಲಗುನಾ ಅಟಸ್ಕೋಸ ವನ್ಯಜೀವಿ ತಾಣದಲ್ಲಿ ಅನುಮತಿ ಕೊಟ್ಟು ಬೇಟೆಯಾಡಿಸುತ್ತಾರೆ. ಗಂಡು 500 ಪೌಂಡ್ ಮೀರುವುದುಂಟು.

ನೀಲಗಾಯಿ ಒಂದೇ ಅಲ್ಲ. ನಮ್ಮ ಚುಕ್ಕಿ ಜಿಂಕೆ 1932ರಲ್ಲಿ ಟೆಕ್ಸಾಸಿಗೆ ಬಂತು, ಒಳನಾಡಿನ ಗುಡ್ಡಗಳಲ್ಲಿ ಈಗ ಸಾವಿರಗಟ್ಟಲೆ ಇದೆ. ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಕಟ್ಟಿ ಕಾಪಾಡುತ್ತಿರುವ ಕೃಷ್ಣಮೃಗವೂ ಅಲ್ಲಿದೆ. ಹೊರದೇಶದ ಪ್ರಾಣಿಗಳೆಂದು ಇವಕ್ಕೆ ಋತುವಿಲ್ಲ, ಮಿತಿಯಿಲ್ಲ. ಇನ್ನೂ ಸೋಜಿಗ ಫ್ಲೋರಿಡಾದಲ್ಲಿದೆ. ಅಪಲಾಚಿಕೋಲದ ಎದುರಿನ ಸೇಂಟ್ ವಿನ್ಸೆಂಟ್ ದ್ವೀಪಕ್ಕೆ 1908ರಲ್ಲಿ ಕಡವೆಯನ್ನು ತಂದು ಬಿಟ್ಟಿದ್ದರು. ದೋಣಿಯಿಲ್ಲದೆ ಹೋಗಲಾಗದ ಆ ದ್ವೀಪದ ಜೌಗಿನಲ್ಲಿ ಕಡವೆ ಸೊಂಟದವರೆಗೆ ನೀರಲ್ಲಿ ನಿಂತು ಹುಲ್ಲು ಮೇಯುತ್ತದೆ. ವರ್ಷಕ್ಕೊಮ್ಮೆ ಚೀಟಿ ಎತ್ತಿ ಅಲ್ಲಿ ಬೇಟೆಗೆ ಬಿಡುತ್ತಾರೆ.

ಭದ್ರಾ ಕಾಡಿನಂಚಿನಲ್ಲಿ ಕಡವೆ ಕೂಗು ಕೇಳಿ ಬೆಳೆದವನಿಗೆ ಅದರ ಮೇಲೆ ಕೈ ಎತ್ತಲು ಮನಸ್ಸಾಗುತ್ತದೆಯೇ? ಕೆಲವರಿಗೆ ಆಗುತ್ತದೆ, ನನಗೆ ಆಗಲಿಲ್ಲ. ಊರಲ್ಲಿ 1972ರ ಕಾಯ್ದೆಯ ಪ್ರಕಾರ ಜೈಲಿಗೆ ಹೋಗುವ ಕೆಲಸ ಇಲ್ಲಿ ರಜಾದಿನದ ಹವ್ಯಾಸ, ಅದನ್ನು ನಿಮ್ಮ ನಿಮ್ಮ ಮನಸ್ಸಿಗೇ ಬಿಡುತ್ತೇನೆ. ಕೊಂಬು, ಚರ್ಮವನ್ನು ಸೂಟ್‌ಕೇಸಿಗೆ ತುರುಕಿ ಊರಿಗೆ ಒಯ್ಯುವ ಯೋಚನೆ ಮಾತ್ರ ಬೇಡ. ಕಾಡುಪ್ರಾಣಿಯ ಅಂಗಗಳನ್ನು ಸಾಮಾನಿನಲ್ಲಿ ತರುವುದಕ್ಕೆ ಭಾರತದಲ್ಲಿ ನಿಷೇಧವಿದೆ.

ಫ್ಲೋರಿಡಾ?

ದಕ್ಷಿಣ ಫ್ಲೋರಿಡಾ ಜನಜಂಗುಳಿ, ದುಬಾರಿ. ನಮಗೆ ಹೊಂದುವುದು ಪಶ್ಚಿಮದ ಪ್ಯಾನ್‌ಹ್ಯಾಂಡಲ್ ಎಂಬ ಉದ್ದನೆಯ ಪಟ್ಟಿ, ಅದರಲ್ಲೂ ಪೋರ್ಟ್ ಸೇಂಟ್ ಜೋ, ಅಪಲಾಚಿಕೋಲ, ಕ್ಯಾರಬೆಲ್ ಸಾಲು. ಬೆನ್ನಿಗೇ ಆರು ಲಕ್ಷ ಎಕರೆ ಮೀರಿದ ಅಪಲಾಚಿಕೋಲ ರಾಷ್ಟ್ರೀಯ ಅರಣ್ಯ. ಲೈಸೆನ್ಸ್ ಹಿಡಿದು ಋತು ನೋಡಿ ನಡೆದು ಹೋಗಬಹುದು, ಯಾರ ಗುತ್ತಿಗೆಯೂ ಬೇಡ. ಸಂಜೆ ಏಳಕ್ಕೆ ಊರು ಮಲಗುತ್ತದೆ. ಮೃದ್ವಂಗಿ ತಿನ್ನುವವರಿಗೆ ಒಂದು ಬೇಸರದ ಸುದ್ದಿ. ಹೆಸರುವಾಸಿಯಾಗಿದ್ದ ಅಪಲಾಚಿಕೋಲದ ಆಯ್ಸ್ಟರ್ ಕುಸಿದುಹೋಗಿ 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಕೊಲ್ಲಿಯಲ್ಲಿ ಅದನ್ನು ಹಿಡಿಯುವುದನ್ನೇ ಐದು ವರ್ಷಕ್ಕೆಂದು ನಿಲ್ಲಿಸಿದರು.

2018ರ ಅಕ್ಟೋಬರ್ 10ರಂದು ಐದನೇ ದರ್ಜೆಯ ಚಂಡಮಾರುತ ಮೈಕೆಲ್, ಮೆಕ್ಸಿಕೊ ಬೀಚ್ ಎಂಬ ಊರನ್ನು ಗುಡಿಸಿ ಹಾಕಿತು. ಅಲ್ಲಿಂದ ಪೂರ್ವಕ್ಕೆ, ಸ್ಟೀನ್‌ಹ್ಯಾಚಿ ಕಡೆಯ ಬಿಗ್ ಬೆಂಡ್ ಪ್ರದೇಶಕ್ಕೆ 2023ರ ಆಗಸ್ಟಿನಲ್ಲಿ ಇಡಾಲಿಯಾ, 2024ರ ಆಗಸ್ಟಿನಲ್ಲಿ ಡೆಬಿ, ಸೆಪ್ಟೆಂಬರಿನಲ್ಲಿ ಹೆಲೀನ್, ಹದಿಮೂರು ತಿಂಗಳಲ್ಲಿ ಮೂರು. ಸುಂದರ ಜಾಗ. ಬಾಡಿಗೆಗೆ ಇರಿ.

ಹಾಗಾದರೆ ನೀವು ಎಲ್ಲಿದ್ದೀರಿ?

ಅಲಬಾಮಾ, ಮೊಬೀಲ್ ಕೊಲ್ಲಿಯ ಪೂರ್ವ ದಡ. ಫೋನಿನ ಮೊಬೈಲ್ ಅಲ್ಲ, ಮೊಬೀಲ್. ಅಮ್ಮ ಇನ್ನೂ "ಮೊಬೈಲ್ ಊರು" ಅಂತಲೇ ಹೇಳುತ್ತಾಳೆ.

ಕಾರಣ ಹೇಳುತ್ತೇನೆ. ಅಲಬಾಮಾಗೆ ಇರುವ ಕಡಲತೀರ ತುಂಬ ಚಿಕ್ಕದು, ಕುಂದಾಪುರದಿಂದ ಮಂಗಳೂರಿಗೆ ಹೋದಷ್ಟೂ ಇಲ್ಲ. ಆದರೆ 1953ರಲ್ಲಿ 250 ಹಳೇ ಕಾರುಗಳ ಅಸ್ಥಿಪಂಜರವನ್ನು ಸಮುದ್ರಕ್ಕೆ ಇಳಿಸಿ ಕೃತಕ ದಿಬ್ಬ ಮಾಡಲು ತೊಡಗಿದರು. ಮರಳೇ ಮರಳಾದ ತಳದಲ್ಲಿ ಸ್ನ್ಯಾಪರಿಗೆ ಮನೆ ಕಟ್ಟಿದ ಹಾಗಾಯಿತು. ಕಾರಿನ ನಂತರ ಸಿಮೆಂಟು ಕೊಳವೆ, ಹಳೇ ಹಡಗು, ಯುದ್ಧದ ಟ್ಯಾಂಕು ಎಲ್ಲ ಇಳಿದಿವೆ. ಕೊಲ್ಲಿಯ ತಲೆಯಲ್ಲಿ ಮೊಬೀಲ್-ಟೆನ್ಸಾ ನದೀಮುಖಜ ಭೂಮಿ, ಅದರ ಬಹುಭಾಗ ಸಾರ್ವಜನಿಕ. ಅಲ್ಲಿ ಬಾಸ್ ಮೀನು, ಹಂದಿ, ಬಾತು, ಜಿಂಕೆ. ದಕ್ಷಿಣ ಅಲಬಾಮಾದಲ್ಲಿ ಜಿಂಕೆಯ ಬೆದೆಗಾಲ ಜನವರಿಗೆ ಬರುತ್ತದೆ, ಋತು ಫೆಬ್ರವರಿ 10ರವರೆಗೆ. ಉತ್ತರದಲ್ಲಿರುವ ಗೆಳೆಯರು ಹಿಮದಲ್ಲಿ ಬಂದೂಕು ಒರೆಸಿ ಒಳಗಿಡುವ ಹೊತ್ತಿಗೆ ಇಲ್ಲಿ ಬೇಟೆ ರಂಗೇರಿರುತ್ತದೆ.

ಇನ್ನೊಂದನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಬೇಸಗೆಯ ಕೆಲವು ರಾತ್ರಿ, ಬೆಳಗಿನ ಜಾವಕ್ಕೆ ಮುಂಚೆ, ಪೂರ್ವದ ಗಾಳಿ ಮೆಲ್ಲಗೆ ಬೀಸಿ ಉಬ್ಬರ ಏರುವಾಗ, ಕೊಲ್ಲಿಯ ತಳದ ಆಮ್ಲಜನಕ ಕಡಿಮೆಯಾದ ನೀರು ದಡಕ್ಕೆ ಸರಿಯುತ್ತದೆ. ಅದರ ಮುಂದೆ ಓಡಿಬರುವ ಫ್ಲೌಂಡರ್, ಏಡಿ, ಸಿಗಡಿ ಎಲ್ಲ ಡ್ಯಾಫ್ನೆ, ಫೇರ್‌ಹೋಪ್ ಊರುಗಳ ಅಂಚಿನಲ್ಲಿ ಪಾದ ಮುಳುಗುವ ನೀರಿಗೆ ಬಂದು ಮಂಕಾಗಿ ಬಿದ್ದಿರುತ್ತವೆ. ಅದಕ್ಕೆ ಇಲ್ಲಿನವರು ಜ್ಯುಬಿಲಿ ಅನ್ನುತ್ತಾರೆ. ರಾತ್ರಿ ಮೂರಕ್ಕೆ ಫೋನ್ ಬರುತ್ತದೆ, ಬನಿಯನ್ನಿನಲ್ಲೇ ಟಾರ್ಚು-ಬಕೆಟ್ ಹಿಡಿದು ಓಡುತ್ತೇವೆ. ಊರಲ್ಲಿ ಕೈರಂಪಣಿ ಬಲೆ ಎಳೆಯುವ ದಿನ ಗದ್ದೆ ಕೆಲಸ ಬಿಟ್ಟು ಓಡುತ್ತಿದ್ದ ಜನರ ನೆನಪಾಗುತ್ತದೆ. ಬಕೆಟ್ ಹಿಡಿದರೂ ಲೈಸೆನ್ಸು, ಮಿತಿ ಎಲ್ಲ ಅನ್ವಯ ಅನ್ನುವುದು ಬೇರೆ ಮಾತು.

ಬಿರುಗಾಳಿ ಇಲ್ಲಿಗೂ ಬರುತ್ತದೆ. 2004ರ ಸೆಪ್ಟೆಂಬರ್ 16ರಂದು ಐವನ್ ಬಂದದ್ದು ಗಲ್ಫ್ ಶೋರ್ಸಿಗೆ, ಸರಿಯಾಗಿ 16 ವರ್ಷದ ಮೇಲೆ ಅದೇ ತಾರೀಕಿಗೆ ಸ್ಯಾಲಿ ಬಂದದ್ದೂ ಅಲ್ಲಿಗೇ.

ಪಕ್ಕದ ಮಿಸಿಸಿಪಿ ಇನ್ನೂ ಅಗ್ಗ. ಡಿ ಸೋಟೊ ರಾಷ್ಟ್ರೀಯ ಅರಣ್ಯ ಐದು ಲಕ್ಷ ಎಕರೆ, ಅಣೆಕಟ್ಟು ಕಾಣದ ಪಾಸ್ಕಗೂಲ ನದಿ, ಓಷನ್ ಸ್ಪ್ರಿಂಗ್ಸ್‌ನಂಥ ಮುದ್ದಾದ ಊರು. ಆದರೆ ನಮ್ಮವರು ಬೆರಳೆಣಿಕೆ.

ಕೆರೊಲಿನಾ, ಜಾರ್ಜಿಯಾ?

ಜಿಂಕೆಗಾಗಿ ದಕ್ಷಿಣ ಕೆರೊಲಿನಾ ಒಳ್ಳೆಯದು. ಕರಾವಳಿಯ ಖಾಸಗಿ ನೆಲದಲ್ಲಿ ಆಗಸ್ಟ್ 15ಕ್ಕೇ ಋತು ಶುರು. ಜಾರ್ಜಿಯಾ ಕಡೆ ಉಬ್ಬರ-ಇಳಿತ ಆರರಿಂದ ಒಂಬತ್ತು ಅಡಿ, ನಮ್ಮೂರ ಹಾಗೆ ದಿನಕ್ಕೆರಡು. ಗಲ್ಫಿನಲ್ಲಿ ಬಹುತೇಕ ದಿನಕ್ಕೊಂದೇ, ಅದೂ ಒಂದೆರಡು ಅಡಿ, ಗಾಳಿಯೇ ನೀರನ್ನು ಹೆಚ್ಚು ಆಡಿಸುತ್ತದೆ. ಅಜ್ಜ ಕಲಿಸಿದ ಹುಣ್ಣಿಮೆ-ಅಮಾವಾಸ್ಯೆಯ ಲೆಕ್ಕ ಇಲ್ಲಿ ಅರ್ಧಕ್ಕರ್ಧ ಸುಳ್ಳಾಗುತ್ತದೆ.

ವಿಮೆಯ ಬಗ್ಗೆ ಇಷ್ಟು ಹೆದರಿಸುವುದೇಕೆ?

ಮನೆ ಕೊಂಡ ಮೇಲೆ ವಿಮೆ ವಿಚಾರಿಸಿದವನು ನಾನು. ಅದಕ್ಕೆ.

ಸಾಮಾನ್ಯ ಗೃಹವಿಮೆ ನೆರೆನೀರಿಗೆ ಒಂದು ಪೈಸೆ ಕೊಡುವುದಿಲ್ಲ. ಅದಕ್ಕೆ ಬೇರೆ ಪ್ರವಾಹ ವಿಮೆ ಬೇಕು. ಸರ್ಕಾರಿ ಯೋಜನೆಯಲ್ಲಿ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್, ಸಾಮಾನಿಗೆ 1,00,000. ಸಾಮಾನ್ಯವಾಗಿ ಹಣ ಕಟ್ಟಿದ 30 ದಿನದ ಮೇಲೆ ಜಾರಿ, ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ಗಾಳಿಯ ಹಾನಿಗೆ ಇನ್ನೊಂದು ಷರತ್ತು: ಮೊದಲ ಪಾಲು ನಿಮ್ಮದೇ, ಅದೂ ಮನೆ ಬೆಲೆಯ ಶೇಕಡಾ ಲೆಕ್ಕದಲ್ಲಿ. ನಾಲ್ಕು ಲಕ್ಷದ ಮನೆಗೆ ಶೇ. 5 ಅಂದರೆ 20,000 ಡಾಲರ್ ನೀವು ತೆತ್ತ ಮೇಲೆ ಕಂಪನಿಯ ಮಾತು. ಟೆಕ್ಸಾಸಿನ 14 ಕರಾವಳಿ ಕೌಂಟಿಗಳಲ್ಲಿ ಗಾಳಿಯ ವಿಮೆಗೆ ಬೇರೆ ಸಂಸ್ಥೆಯೇ ಇದೆ.

ಅಲಬಾಮಾದಲ್ಲಿ ಬಿರುಗಾಳಿ ತಡೆಯುವ ಫೋರ್ಟಿಫೈಡ್ ಎಂಬ ಮಾನದಂಡದ ಛಾವಣಿ ಹಾಕಿಸಿದರೆ ವಿಮೆಯಲ್ಲಿ ರಿಯಾಯಿತಿ ಕೊಡಲೇಬೇಕೆಂಬ ಕಾನೂನಿದೆ. ಮನೆ ನೋಡುವಾಗ ಅಡುಗೆಮನೆಯ ಕಲ್ಲು ನೋಡುವ ಮೊದಲು ಆ ಪ್ರಮಾಣಪತ್ರ ಕೇಳಿ. ಪ್ರವಾಹ ನಕ್ಷೆಯಲ್ಲಿ 'ವಿಇ' ಅಂತ ಕಂಡರೆ ಅಲೆ ಬಂದು ಬಡಿಯುವ ಜಾಗ, 'ಎಇ' ಅಂದರೆ ನೀರು ಏರುವ ಜಾಗ. ಸಮುದ್ರದಿಂದ ಅರ್ಧ ಗಂಟೆ ಒಳಗೆ ಮನೆ ಮಾಡಿ ದೋಣಿಯನ್ನು ಗಾಡಿಗೆ ಕಟ್ಟಿಕೊಂಡು ಹೋಗುವವನು ರಾತ್ರಿ ನಿದ್ದೆ ಮಾಡುತ್ತಾನೆ.

ಲೈಸೆನ್ಸ್, ಅಳತೆ, ಮಿತಿ?

ಹೋದ ತಕ್ಷಣ ಸ್ಥಳೀಯರ ದರ ಸಿಗುವುದಿಲ್ಲ. ಟೆಕ್ಸಾಸಿಗೆ ಆರು ತಿಂಗಳ ವಾಸ ಬೇಕು, ಅಲಬಾಮಾಗೆ 90 ದಿನ. ಬೇಟೆಗೆ ಮೊದಲು ಹಂಟರ್ ಎಜುಕೇಶನ್ ತರಗತಿ ಕಡ್ಡಾಯ. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ, ಅಲಬಾಮಾದಲ್ಲಿ 1977ರ ಆಗಸ್ಟ್ 1ರಿಂದ ಈಚಿನವರಿಗೆ. ಬಾತುಕೋಳಿಗೆ 25 ಡಾಲರಿನ ಒಕ್ಕೂಟ ಸರ್ಕಾರದ ಡಕ್ ಸ್ಟಾಂಪ್ ಎಂಬ ಪರವಾನಗಿ ಚೀಟಿ ಬೇರೆ, ಸೀಸದ ಚರೆ 1991ರಿಂದ ನಿಷಿದ್ಧ.

ರೆಡ್‌ಫಿಶ್ಶಿಗೆ ಕೆಳಗಿನ ಅಳತೆಯೂ ಇದೆ, ಮೇಲಿನ ಅಳತೆಯೂ ಇದೆ. ಟೆಕ್ಸಾಸಿನಲ್ಲಿ 20ರಿಂದ 28 ಇಂಚು, ದಿನಕ್ಕೆ ಮೂರು. ಲೂಯಿಸಿಯಾನಾದಲ್ಲಿ 2024ರಿಂದ 18ರಿಂದ 27, ದಿನಕ್ಕೆ ನಾಲ್ಕು. ದೊಡ್ಡದನ್ನು ಬಿಡುವುದೇಕೆ ಎಂದು ಊರಿನಿಂದ ಬಂದ ಮಾವ ಸಿಟ್ಟಾಗಿದ್ದರು. ಮೊಟ್ಟೆಯಿಡುವ ತಾಯಿ ಅದೇ, ಎಂದೆ. ಹಾಗಾದರೆ ಸರಿ ಎಂದು ತಾವೇ ನೀರಿಗೆ ಬಿಟ್ಟರು. ಈ ಅಂಕಿಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಆಯಾ ರಾಜ್ಯದ ಇಲಾಖೆಯ ಪುಟ ನೋಡಿಕೊಳ್ಳಿ. ಹವ್ಯಾಸದ ಲೈಸೆನ್ಸಿನಲ್ಲಿ ಹಿಡಿದ ಮೀನನ್ನು ಹಂಚಬಹುದು, ಮಾರುವಂತಿಲ್ಲ. ಪೆಟ್ರೋಲಿಗೆ ಅಂತ ಹತ್ತು ಡಾಲರ್ ತೆಗೆದುಕೊಂಡರೂ ತೊಂದರೆ.

ದೋಣಿ ಬೇಕೇ ಬೇಕೇ?

ಮೊದಲ ವರ್ಷ ಬೇಡ. ಕಯಾಕ್ ಸಾಕು, ಸೇತುವೆ-ಪಿಯರ್ ಸಾಕು.

ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಏನು ಮಾಡಲಿ?

ಗ್ಯಾರೇಜಿನಲ್ಲಿ ಬೇರೆ ಫ್ರೀಜರ್, ಅಂಗಳದಲ್ಲಿ ಗ್ಯಾಸ್ ಒಲೆ, ಬೇರೆ ಬಾಣಲೆ. ನನಗೆ ಗೊತ್ತಿರುವ ಮೂರು ಸಂಸಾರ ಹೀಗೇ ಸುಖವಾಗಿವೆ. ನಿಜವಾದ ಕಷ್ಟ ಬೇರೆ: ಮೊಬೀಲಿನಂಥ ಊರಲ್ಲಿ ಹೆಂಡತಿಗೆ ಕನ್ನಡ ಮಾತಾಡಲು ಯಾರೂ ಸಿಗುವುದಿಲ್ಲ. ನೀವು ಶನಿವಾರ ನಸುಕಿಗೆ ಕಾಡಿಗೆ ಹೋದರೆ ಅವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಕೇಳಿಕೊಳ್ಳದೆ ಬಂದ ಇಬ್ಬರು ಎರಡೇ ವರ್ಷದಲ್ಲಿ ಹೂಸ್ಟನ್ನಿಗೆ ವಾಪಸಾದರು.

ಹಾವು, ಮೊಸಳೆ, ರೋಗ?

ಅಲಿಗೇಟರ್ ತನ್ನ ಪಾಡಿಗಿರುತ್ತದೆ, ನಾಯಿಯನ್ನು ಮಾತ್ರ ನೀರಂಚಿಗೆ ಬಿಡಬೇಡಿ. ಹೆದರಬೇಕಾದ್ದು ವಿಬ್ರಿಯೊ ಎಂಬ ಸೂಕ್ಷ್ಮಾಣುವಿಗೆ. ಬೆಚ್ಚಗಿನ ಉಪ್ಪುನೀರಿನಲ್ಲಿರುತ್ತದೆ, ಕಾಲಿನ ಸಣ್ಣ ಗಾಯದಿಂದ ಒಳಹೊಕ್ಕು ಒಂದೆರಡು ದಿನದಲ್ಲಿ ಪ್ರಾಣಕ್ಕೆ ಬರಬಹುದು. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರು ಗಾಯವಿದ್ದರೆ ನೀರಿಗಿಳಿಯಬೇಡಿ, ಹಸಿ ಆಯ್ಸ್ಟರ್ ತಿನ್ನಬೇಡಿ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದಿದರೆ ಅರಿಶಿನ ಹಚ್ಚಿ ಕೂರದೆ ಆಸ್ಪತ್ರೆಗೆ ಓಡಿ.

ಯಾವ ತಿಂಗಳಲ್ಲಿ ಬಂದು ನೋಡಿದರೆ ಒಳ್ಳೆಯದು?

ಎಲ್ಲರೂ ಅಕ್ಟೋಬರಿನಲ್ಲಿ ಬರುತ್ತಾರೆ. ತಂಪು ಗಾಳಿ, ತಿಳಿ ಆಕಾಶ, ಫ್ಲೌಂಡರ್ ಅಳಿವೆಗೆ ಇಳಿಯುವ ಕಾಲ. ನೋಡಿ ಮರುಳಾಗಿ ಅದೇ ವಾರ ಮನೆಗೆ ಮುಂಗಡ ಕೊಡುತ್ತಾರೆ. ನೀವು ಆಗಸ್ಟಿನ ಎರಡನೇ ವಾರ ಬನ್ನಿ, ಸಂಸಾರ ಸಮೇತ. ಸಂಜೆ ಆರಕ್ಕೆ ಜೌಗಿನ ಅಂಚಿನಲ್ಲಿ, ಗಾಳಿ ನಿಂತ ಹೊತ್ತಿನಲ್ಲಿ, ನುಸಿ ಕಿವಿಯೊಳಗೆ ಹೊಗುತ್ತಿರುವಾಗ, ಮಕ್ಕಳನ್ನು ಕೇಳಿ ಇಲ್ಲಿ ಇರೋಣವೇ ಅಂತ.